ನುಡಿಯ ಲೆಕ್ಕವಿಟ್ಟ ಪಾದ್ರಿ ಕಿಟ್ಟೆಲರು

ಕಳೆದ ವರ್ಷ ಒಂದು ಭಾನುವಾರದ ಸಂಜೆ ನಾವು ಏಳೆಂಟು ಮಂದಿ ಕನ್ನಡ ಮಿತ್ರರು ನಾಂಪಲ್ಲಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಚಹಾ ಸೇವಿಸುತ್ತ ಹರಟೆಯಲ್ಲಿ ತೊಡಗಿದ್ದೆವು. ಮಾತು ಎಲ್ಲೆಲ್ಲಿಯೋ ಹರಿದು ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಂತಿತು. ಹಿಂದೆ ಆಗಿಹೋದ ಮಹನೀಯರಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಒಂದು ಸಂಜೆ ಮಾತನಾಡುವ ಭಾಗ್ಯ ದೊರೆಯುವುದಾದರೆ ಯಾರನ್ನು ಕರೆಯುವಿರಿ? ಒಬ್ಬರು ಬಸವಣ್ಣನವರೆಂದರು. ಇನ್ನೊಬ್ಬರು ಪುರಂದರದಾಸರೆಂದರು. ಹಂಪೆಯ ಸೀಮೆಯಿಂದ ಬಂದ ಮಿತ್ರರು ಕೃಷ್ಣದೇವರಾಯನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ನನ್ನ ಸರದಿ ಬಂದಾಗ ನಾನು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಹೆಸರು ಹೇಳಿದೆ. ಎಲ್ಲರೂ ನಕ್ಕರು. ಇಷ್ಟು ಜನ ಶರಣರು, ದಾಸರು, ಕವಿಗಳು ಇರುವಾಗ ಒಬ್ಬ ಜರ್ಮನ್ ಪಾದ್ರಿಯೇ ಬೇಕಾಯಿತೇ ಎಂದು ಹಿರಿಯರೊಬ್ಬರು ಕೇಳಿದರು. ಅವರೊಡನೆ ಯಾವ ಭಾಷೆಯಲ್ಲಿ ಮಾತನಾಡುವೆಯಪ್ಪಾ ಎಂದು ಮತ್ತೊಬ್ಬರು ಚುಚ್ಚಿದರು. ಕನ್ನಡದಲ್ಲಿಯೇ ಮಾತನಾಡುವೆ, ನನ್ನ ಕನ್ನಡ ಅವರಿಗೆ ಸಾಲದೆ ಹೋಗಬಹುದೆಂಬುದೊಂದೇ ನನ್ನ ಭಯ ಎಂದೆ. ಅಂದು ಮಾತು ಅಲ್ಲಿಗೆ ಮುಗಿಯಿತು. ನಮ್ಮ ಸಂಘದ ಕಾರ್ಯದರ್ಶಿಗಳು ಅದನ್ನು ಮರೆಯದೆ, ಈ ರಾಜ್ಯೋತ್ಸವ ಸಂಚಿಕೆಗೆ ಅದನ್ನೇ ಬರೆದುಕೊಡಬೇಕೆಂದು ಅಪ್ಪಣೆ ಮಾಡಿದ್ದಾರೆ. ನಾನು ಬ್ಯಾಂಕಿನ ಗುಮಾಸ್ತ, ಸಾಹಿತ್ಯದ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ವಾಚಕರು ಕ್ಷಮಿಸಬೇಕು.

ಕಿಟ್ಟೆಲರ ಪರಿಚಯ ನನಗೆ ಆದುದು ಪಾಠಶಾಲೆಯಲ್ಲಲ್ಲ, ಆಬಿಡ್ಸಿನ ರಸ್ತೆಯ ಬದಿಯಲ್ಲಿ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುವಾಗ ಹಳೆಯ ಪುಸ್ತಕದವರು ಗೋಣಿತಟ್ಟು ಹಾಸಿ ಕೂರುತ್ತಾರೆಂಬುದು ನಮ್ಮ ನಗರದವರೆಲ್ಲ ಬಲ್ಲ ಸಂಗತಿ. ಇಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ ಇಟ್ಟಿಗೆಯಷ್ಟು ದಪ್ಪನೆಯ ಒಂದು ಪುಸ್ತಕ ಕಂಡಿತು. ಬೆನ್ನು ಹರಿದಿತ್ತು. ಬಿಡಿಸಿ ನೋಡಿದರೆ ಕನ್ನಡ! ಅದು ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಮರುಮುದ್ರಣವಾಗಿತ್ತು. ಅಂಗಡಿಯವನಿಗೆ ಅದು ಯಾವ ಭಾಷೆಯೆಂದೂ ತಿಳಿದಿರಲಿಲ್ಲ, ತೂಕ ನೋಡಿ ಬೆಲೆ ಹೇಳಿದ. ಅಂದಿನಿಂದ ಅದು ನಮ್ಮ ಮನೆಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿದೆ.

ಇನ್ನು ಅವರ ಜೀವನ. ಜಾರ್ಜ್ ಫರ್ಡಿನಾಂಡ್ ಕಿಟ್ಟೆಲರು ೧೮೩೨ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲೆಂಡ್ ಎಂಬ ಪ್ರಾಂತದ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ ಜನಿಸಿದರು. ಉತ್ತರ ಸಮುದ್ರದ ಕರಾವಳಿಯ ಸಪಾಟು ನೆಲ ಅದು. ತಂದೆ ಪಾದ್ರಿಗಳು. ಆ ಪ್ರಾಂತದ ಆಡುನುಡಿ ಗ್ರಂಥಸ್ಥ ಜರ್ಮನ್ ಭಾಷೆಗಿಂತ ಬಹಳ ಬೇರೆ. ಜನ ಆಡುವ ನುಡಿ ಒಂದು, ಪುಸ್ತಕದ ನುಡಿ ಇನ್ನೊಂದು ಎಂಬುದು ಅಂಥ ನಾಡಿನಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಧಾರವಾಡದ ಮಾತನ್ನೂ ಕೇಶಿರಾಜನ ಹಳಗನ್ನಡವನ್ನೂ ಒಂದೇ ಗೌರವದಿಂದ ಕಂಡವರ ಬೇರು ಅಲ್ಲಿತ್ತೆಂದು ನನ್ನ ಊಹೆ. ಔರಿಚ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನೂ ಫ್ರೆಂಚ್, ಇಂಗ್ಲಿಷ್‌ಗಳನ್ನೂ ಕಲಿತು, ಹದಿನೆಂಟನೆಯ ವಯಸ್ಸಿನಲ್ಲಿ, ೧೮೫೦ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಮಿಷನ್ ಪಾಠಶಾಲೆಯನ್ನು ಸೇರಿದರು.

ಬಾಸೆಲ್ ಮಿಷನ್ ಎಂದೊಡನೆ ಕರಾವಳಿಯವರಿಗೆ ಹೆಂಚು ನೆನಪಾಗುತ್ತದೆ. ೧೮೧೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದರು. ೧೮೩೭ರಲ್ಲಿ ಧಾರವಾಡದಲ್ಲಿ ಠಾಣೆ ಹೂಡಿದರು. ೧೮೪೧ರಲ್ಲಿ ಮಂಗಳೂರಿನಲ್ಲಿ ಛಾಪಖಾನೆ ತೆರೆದರು. ನೇಯ್ಗೆಯ ಕಾರ್ಖಾನೆ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆ, ಹೀಗೆ ಅವರ ಉದ್ಯೋಗಗಳು ಬೆಳೆದುವು. ಬಂದ ಉದ್ದೇಶವನ್ನು ಮುಚ್ಚಿಡಬೇಕಾದುದಿಲ್ಲ. ಅವರು ನಮ್ಮ ಜನರನ್ನು ಕ್ರೈಸ್ತ ಮತಕ್ಕೆ ಸೇರಿಸಲೆಂದೇ ಬಂದವರು. ಕಿಟ್ಟೆಲರೂ ಅದಕ್ಕಾಗಿಯೇ ೧೮೫೩ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕನ್ನಡ ನಾಡಿಗೆ ಬಂದರು.

ಅವರು ಬರುವ ವೇಳೆಗೆ ಇನ್ನೊಬ್ಬ ಜರ್ಮನ್ ಪಾದ್ರಿ ಇಲ್ಲಿ ನೆಲವನ್ನು ಉತ್ತು ಹದ ಮಾಡಿದ್ದರು. ಹೆರ್ಮನ್ ಮೋಗ್ಲಿಂಗರು. ೧೮೪೩ನೆಯ ಇಸವಿ ಜುಲೈ ಒಂದರಂದು ಹೊರಟ ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ ಅವರದು. ಆ ದಿನವನ್ನೇ ಈಗ ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ತಾಳೆಗರಿಯಿಂದ ಎತ್ತಿ ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಬಸವಣ್ಣನವರ ಕಥೆಯನ್ನೂ ದಾಸರ ಹಾಡನ್ನೂ ಪಾದ್ರಿಗಳು ಅಚ್ಚು ಹಾಕಿದುದು ಏಕೆಂಬುದು ಚರ್ಚೆಯ ವಿಷಯ. ನಮ್ಮ ಜನರ ಮನಸ್ಸನ್ನು ಅರಿಯಲು ಎಂದು ಅವರು ಆರಂಭಿಸಿರಬಹುದು. ಆದರೆ ಅರಿಯಲು ಹೋದವನು ಅರಿತ ವಸ್ತುವಿನ ಕೈಗೆ ತಾನೇ ಸಿಕ್ಕಿಕೊಳ್ಳುವುದುಂಟು. ಕಿಟ್ಟೆಲರಲ್ಲಿ ಇದು ಪೂರ್ಣವಾಗಿ ನಡೆಯಿತೆಂದು ನನಗೆ ತೋರುತ್ತದೆ.

ಧಾರವಾಡಕ್ಕೆ ಬಂದ ಹೊಸತರಲ್ಲಿಯೇ ಅವರ ರೀತಿ ಬೇರೆಯಾಗಿತ್ತು. ಕುದುರೆ ಏರಿ ಬರುವ ದೊರೆಯಾಗಿ ಹಳ್ಳಿಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ, ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದರು. ಕನ್ನಡಿಗರಿಗೆ ಕನ್ನಡಿಗನೇ ಆಗಬೇಕೆಂಬುದು ಅವರ ಹಂಬಲ. ಈ ಹುಡುಗನ ಹಟ ಹಿರಿಯ ಸಹೋದ್ಯೋಗಿಗಳಿಗೆ ಸರಿಬೀಳಲಿಲ್ಲ. ಹೆಚ್ಚು ಹೊತ್ತು ಕನ್ನಡವನ್ನೂ ಸಂಸ್ಕೃತವನ್ನೂ ಓದುತ್ತ ಕೂರುವವನು ಮಿಷನ್ನಿನ ಕೆಲಸಕ್ಕೆ ಎಷ್ಟು ದಕ್ಕಿಯಾನೆಂಬ ಸಂದೇಹ ಸಂಸ್ಥೆಯೊಳಗೆ ಬಹುಕಾಲ ಇದ್ದೇ ಇತ್ತು. ಕಚೇರಿಯಲ್ಲಿ ದುಡಿಯುವ ನಮಗೆ ಇದು ಅರ್ಥವಾಗದ ಮಾತಲ್ಲ. ಮೇಲಿನವರು ಒಂದು ಕೆಲಸಕ್ಕೆ ನೇಮಿಸಿರುತ್ತಾರೆ, ಮನಸ್ಸು ಇನ್ನೊಂದರಲ್ಲಿ ನೆಟ್ಟಿರುತ್ತದೆ. ಆ ಇನ್ನೊಂದನ್ನು ನಮ್ಮಲ್ಲಿ ಹೆಚ್ಚಿನವರು ನಿವೃತ್ತಿಯ ನಂತರ ನೋಡೋಣವೆಂದು ಮಡಿಚಿಡುತ್ತೇವೆ. ಕಿಟ್ಟೆಲರು ಮಡಿಚಿಡಲಿಲ್ಲ.

ಮುಂದೆ ಮಂಗಳೂರು, ಮಡಿಕೇರಿ, ಧಾರವಾಡ ಈ ಮೂರು ಊರುಗಳ ನಡುವೆಯೇ ಅವರ ಬಾಳು ಸಾಗಿತು. ೧೮೬೦ರಲ್ಲಿ ಪೌಲೀನ್ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷ. ೧೮೬೪ರಲ್ಲಿ ಆಕೆ ತೀರಿಕೊಂಡರು. ಮೂರು ವರ್ಷಗಳ ತರುವಾಯ ಆಕೆಯ ತಂಗಿ ಜೂಲಿಯವರನ್ನು ಕಿಟ್ಟೆಲರು ಕೈಹಿಡಿದರು. ನಮ್ಮ ಕಡೆಯ ಮನೆಗಳಲ್ಲಿಯೂ ಹಿಂದೆ ಹೀಗೆ ನಡೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಕ್ಕನ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವುದು.

ಈ ನಡುವೆ ೧೮೬೨ರಲ್ಲಿ ‘ಕಥಾಮಾಲೆ’ ಹೊರಬಂದಿತು. ಯೇಸುವಿನ ಚರಿತೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ, ಹಾಡಿಕೊಳ್ಳಲು ಬರುವಂತೆ, ಕಿಟ್ಟೆಲರು ಕನ್ನಡದಲ್ಲಿ ರಚಿಸಿದರು. ವಿಲಾಯತಿಯ ರಾಗಕ್ಕೆ ಕನ್ನಡದ ಮಾತು ಕಟ್ಟುವುದು ಸುಲಭವಿತ್ತು, ಅನೇಕರು ಅದನ್ನೇ ಮಾಡುತ್ತಿದ್ದರು. ಇವರು ಕನ್ನಡದ ಅಚ್ಚಿನಲ್ಲಿಯೇ ತಮ್ಮ ದೇವರ ಕಥೆಯನ್ನು ಎರಕ ಹೊಯ್ದರು. ಕಾವ್ಯವಾಗಿ ಅದು ಎಷ್ಟು ತೂಗುತ್ತದೆಂದು ಹೇಳಲು ನಾನು ಅರ್ಹನಲ್ಲ. ಇಷ್ಟಂತೂ ನಿಜ. ಕನ್ನಡದ ಛಂದಸ್ಸಿನಲ್ಲಿ ಬರೆಯಹೊರಟವರಿಗೆ ಕನ್ನಡದ ಛಂದಶ್ಶಾಸ್ತ್ರ ಬೇಕಾಯಿತು. ಛಂದಸ್ಸನ್ನು ಹುಡುಕಿ ಹೋದವರಿಗೆ ವ್ಯಾಕರಣ ಬೇಕಾಯಿತು. ಎರಡೂ ತಾಳೆಗರಿಯಲ್ಲಿ ಹುದುಗಿದ್ದುವು.

ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಹಳೆಯ ವ್ಯಾಖ್ಯಾನದೊಡನೆ ಪರಿಷ್ಕರಿಸಿ ಅವರು ೧೮೭೨ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಮೂರು ವರ್ಷಗಳಲ್ಲಿ, ೧೮೭೫ರಲ್ಲಿ, ನಾಗವರ್ಮನ ‘ಛಂದೋಂಬುಧಿ’ ಬಂದಿತು. ಅದಕ್ಕೆ ಕನ್ನಡ ಸಾಹಿತ್ಯದ ಮೇಲೆ ಒಂದು ಇಂಗ್ಲಿಷ್ ಪ್ರಬಂಧವನ್ನೂ ಜೋಡಿಸಿದರು. ಕನ್ನಡದಲ್ಲಿ ಯಾರು ಯಾರು ಬರೆದರು, ಯಾವ ಕಾಲದಲ್ಲಿ ಬರೆದರು ಎಂದು ಕ್ರಮವಾಗಿ ಹೇಳಲು ಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಆ ಕಾಲದಲ್ಲಿ ಕಾಲೇಜು ಕಲಿತ ನಮ್ಮವರೇ ಕನ್ನಡದಲ್ಲಿ ಏನಿದೆಯೆಂದು ಕೇಳುತ್ತಿದ್ದರೆಂಬುದನ್ನು ಮರೆಯಬಾರದು. ಧಾರವಾಡದ ಶಾಲೆಗಳಲ್ಲಿ ಮರಾಠಿಯದು ಮೇಲುಗೈ. ಬಳ್ಳಾರಿಯ ಕಚೇರಿಗಳಲ್ಲಿ ತೆಲುಗು, ಮದರಾಸಿನಿಂದ ಇಳಿದು ಬರುವ ಇಂಗ್ಲಿಷು. ನಮ್ಮ ಕಡೆಯ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಕನ್ನಡ ಮನೆಯ ಭಾಷೆ, ಅಡುಗೆಮನೆಯ ಭಾಷೆ, ಹೊಲದ ಭಾಷೆ.

ಇಂಥ ಭಾಷೆಗೆ ಒಂದು ಮಹಾನಿಘಂಟು ಬೇಕೆಂಬುದು ಬಾಸೆಲ್ ಮಿಷನ್ನಿನವರ ಹಳೆಯ ಯೋಚನೆ. ಅದಕ್ಕೆ ಮುಂಚೆ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಎಂಬ ಇಂಗ್ಲಿಷ್ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿಯೇ, ಅಂದರೆ ಕಿಟ್ಟೆಲರು ಹುಟ್ಟಿದ ವರ್ಷವೇ, ಬಂದಿತ್ತು. ೧೮೫೮ರಲ್ಲಿ ಸ್ಯಾಂಡರ್ಸನ್ನರು ಅದನ್ನು ಪರಿಷ್ಕರಿಸಿದ್ದರು. ಆದರೆ ಹಳಗನ್ನಡದಿಂದ ಹಳ್ಳಿಯ ಗಾದೆಯವರೆಗೆ ಎಲ್ಲವನ್ನೂ ಶೋಧಿಸಿ, ಪ್ರತಿ ಪದಕ್ಕೂ ಆಧಾರ ಕೊಟ್ಟು, ನೆರೆಯ ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧುಗಳು ಯಾರೆಂದು ತೋರಿಸುವ ಗ್ರಂಥ ಇರಲಿಲ್ಲ. ಆ ಹೊರೆ ಕಿಟ್ಟೆಲರ ಹೆಗಲಿಗೆ ಬಂದಿತು. ಸುಮಾರು ಎರಡು ದಶಕ ಅವರು ಅದನ್ನು ಹೊತ್ತರು.

ಗುಮಾಸ್ತನ ಬುದ್ಧಿ ಲೆಕ್ಕಕ್ಕೆ ಓಡುತ್ತದೆ. ನಿಘಂಟಿನಲ್ಲಿ ಸುಮಾರು ೭೦,೦೦೦ ಪದಗಳಿವೆ, ಪೀಠಿಕೆಯನ್ನು ಬಿಟ್ಟು ೧,೭೫೨ ಪುಟಗಳು. ಇಪ್ಪತ್ತು ವರ್ಷವೆಂದರೆ ೭,೩೦೦ ದಿನ. ಭಾನುವಾರ, ಹಬ್ಬ, ಜ್ವರ ಯಾವುದನ್ನೂ ಕಳೆಯದೆ ಹಿಡಿದರೂ ದಿನಕ್ಕೆ ಒಂಬತ್ತೂವರೆ ಪದಗಳಾಗುತ್ತವೆ. ದಿನಕ್ಕೆ ಹತ್ತು ಪದವೇ, ಅದೇನು ಮಹಾ, ಎಂದು ನಾನೂ ಮೊದಲು ಭಾವಿಸಿದೆ. ಒಂದು ಭಾನುವಾರ ಒಂದೇ ಪದವನ್ನು ಹಿಡಿದು ಅದು ನಮ್ಮ ಊರ ಮಾತಿನಲ್ಲಿ ಎಷ್ಟು ಅರ್ಥದಲ್ಲಿ ಬರುತ್ತದೆಂದು ಬರೆಯಹೊರಟೆ. ‘ಕಟ್ಟು’ ಎಂಬ ಪದ. ಹಗ್ಗ ಕಟ್ಟು, ಮನೆ ಕಟ್ಟು, ಹಣ ಕಟ್ಟು, ಬುತ್ತಿ ಕಟ್ಟು, ಬೆನ್ನು ಕಟ್ಟು, ಕಥೆ ಕಟ್ಟು, ಗಂಟಲು ಕಟ್ಟು, ಕಟ್ಟಿನ ಸಾರು. ಮಧ್ಯಾಹ್ನವಾಯಿತು, ಮುಗಿಯಲಿಲ್ಲ. ಆಧಾರ ಗ್ರಂಥ ನೋಡುವ ಮಾತು ಹಾಗಿರಲಿ, ಹಗ್ಗ ಮುಂಚೆಯೋ ಮನೆ ಮುಂಚೆಯೋ ಎಂದು ತೀರ್ಮಾನಿಸುವುದರಲ್ಲಿಯೇ ಸೋತೆ. ನಮ್ಮ ಲೆಡ್ಜರಿನಲ್ಲಿ ಒಂದು ಪೈಸೆ ತಪ್ಪಿದರೆ ಸಂಜೆಯೊಳಗೆ ಗೊತ್ತಾಗುತ್ತದೆ, ಎರಡು ಬದಿ ತಾಳೆಯಾಗುವುದಿಲ್ಲ. ಪದದ ಲೆಕ್ಕದಲ್ಲಿ ತಪ್ಪಿದರೆ ಹೇಳುವ ಗಂಟೆ ಯಾವುದೂ ಇಲ್ಲ. ಬರೆಯುವವನ ಮನಸ್ಸಾಕ್ಷಿಯೊಂದೇ.

ಈಗ ಅವರ ಬಾಳಿನಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ೧೮೭೭ರಲ್ಲಿ ದೇಹಾರೋಗ್ಯ ಕೆಟ್ಟು ಕಿಟ್ಟೆಲರು ಜರ್ಮನಿಗೆ ಮರಳಿದರು. ಅಲ್ಲಿಯೂ ನಿಘಂಟಿನ ಕೆಲಸ ಬಿಡಲಿಲ್ಲ. ಆದರೆ ಕನ್ನಡದ ಪದಗಳನ್ನು ಕನ್ನಡದ ಗಾಳಿ ಇಲ್ಲದ ಕಡೆ ಎಷ್ಟೆಂದು ನಿಷ್ಕರ್ಷೆ ಮಾಡಲಾದೀತು? ಸಂದೇಹ ಬಂದರೆ ಬೀದಿಗೆ ಇಳಿದು ಯಾರನ್ನು ಕೇಳುವುದು? ೧೮೮೩ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಅವರು ಒಬ್ಬರೇ ಮತ್ತೆ ಹಡಗು ಹತ್ತಿದರು. ಈ ಸಲ ಧರ್ಮಪ್ರಸಾರಕ್ಕಲ್ಲ, ನಿಘಂಟಿಗಾಗಿಯೇ. ಹಿಂದಿರುಗಿದುದು ೧೮೯೨ರಲ್ಲಿ. ಒಂಬತ್ತು ವರ್ಷ!

ಕಾಗದಗಳು ಸಮುದ್ರದ ಮೇಲೆ ವಾರಗಟ್ಟಲೆ ಪಯಣಿಸುತ್ತಿದ್ದ ಕಾಲ. ಮಕ್ಕಳು ಬೆಳೆದು ಬದಲಾಗುವುದನ್ನು ಅವರು ಕಣ್ಣಾರೆ ಕಾಣಲಿಲ್ಲ. ನಾವಾದರೋ ಆದಿಲಾಬಾದಿಗೆ ಎರಡು ವರ್ಷ ವರ್ಗವಾದರೆ ಯೂನಿಯನ್ನಿನವರ ಬಳಿಗೆ ಓಡುತ್ತೇವೆ. ಇದನ್ನು ಬರೀ ತ್ಯಾಗವೆಂದು ಹೊಗಳಿ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆ ತ್ಯಾಗದಲ್ಲಿ ಅರ್ಧ ಪಾಲು, ಕೇಳದೆಯೇ, ಜೂಲಿಯಮ್ಮನವರಿಂದ ವಸೂಲಾಯಿತು. ಆಕೆಯ ಹೆಸರು ನಿಘಂಟಿನ ಹೊದಿಕೆಯ ಮೇಲಿಲ್ಲ. ಕಿಟ್ಟೆಲರು ನನ್ನೆದುರಿಗೆ ಕುಳಿತರೆ ಮೊದಲು ಕೇಳಬೇಕೆಂದಿರುವುದು ಇದನ್ನೇ. ಆ ಒಂಬತ್ತು ವರ್ಷಗಳಲ್ಲಿ ಒಮ್ಮೆಯಾದರೂ ಹಿಂದಿರುಗಿಬಿಡೋಣ ಎನಿಸಲಿಲ್ಲವೇ? ‘ಮನೆ’ ಎಂಬ ಪದಕ್ಕೆ ಅರ್ಥ ಬರೆದ ದಿನ ಯಾವ ಮನೆ ಕಣ್ಣ ಮುಂದೆ ಬಂದಿತು?

ಉತ್ತರ ಏನಿತ್ತೋ. ಕೆಲಸವಂತೂ ನಿಲ್ಲಲಿಲ್ಲ. ಹಳೆಯ ಗ್ರಂಥಗಳಿಂದ ಆಯ್ದರು, ಶಾಸನಗಳಿಂದ ಆಯ್ದರು, ಪಂಡಿತರನ್ನು ಕೇಳಿದರು, ಓದುಬಾರದವರ ಮಾತನ್ನೂ ಕೇಳಿ ಬರೆದುಕೊಂಡರು. ಜರ್ಮನಿಗೆ ಮರಳಿ ೧೮೯೩ರಲ್ಲಿ ಪೀಠಿಕೆ ಮುಗಿಸಿದರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂದಿತು. ಕನ್ನಡ, ರೋಮನ್ ಲಿಪಿಗಳ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿದ ನಮ್ಮ ಕರಾವಳಿಯ ಕೆಲಸಗಾರರನ್ನೂ ಇಲ್ಲಿ ನೆನೆಯಬೇಕು. ಆ ಪುಟಗಳನ್ನು ನೋಡಿದವರಿಗೆ ಅವರ ಕಣ್ಣಿಗೆ ಎಷ್ಟು ಶ್ರಮವಾಗಿರಬೇಕೆಂದು ತಿಳಿಯುತ್ತದೆ.

ಈ ನಿಘಂಟಿನಿಂದ ಹೊರನಾಡಿನಲ್ಲಿರುವ ನಮಗೆ ಏನು ಉಪಯೋಗವೆಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುತ್ತೇನೆ. ನನ್ನ ಮಗಳು ಒಂದನೆಯ ತರಗತಿಯಲ್ಲಿದ್ದಾಗ ಒಂದು ದಿನ ಚಿತ್ರದ ಪುಸ್ತಕ ಹಿಡಿದು ಪುಲಿ, ಪಾಮು, ಪಾಲು ಎಂದು ಓದಿಕೊಳ್ಳುತ್ತಿದ್ದಳು. ಊರಿನಿಂದ ಬಂದಿದ್ದ ನಮ್ಮ ತಾಯಿಗೆ ಅದು ಸಹಿಸಲಿಲ್ಲ. ಹುಲಿ, ಹಾವು, ಹಾಲು ಅನ್ನಬೇಕು, ಮನೆಯೊಳಗೆ ತೆಲುಗು ಬೇಡ ಎಂದು ಗದರಿಸಿದರು. ಮಗು ಅತ್ತಿತು. ನಾನು ಸುಮ್ಮನೆ ಕಿಟ್ಟೆಲರನ್ನು ತೆಗೆದೆ. ಹುಲಿ ಎಂಬಲ್ಲಿ ನೋಡಿದರೆ ಪುಲಿಯತ್ತ ಕೈ ತೋರಿಸುತ್ತದೆ. ಹಾಲಿನ ಹಿಂದೆ ಪಾಲ್ ನಿಂತಿದೆ, ಹಾವಿನ ಹಿಂದೆ ಪಾವು, ಹೂವಿನ ಹಿಂದೆ ಪೂ. ನಮ್ಮ ಹಳಗನ್ನಡದ ಕವಿಗಳೆಲ್ಲ ಪುಲಿ ಎಂದೇ ಬರೆದವರು. ನಡುವೆ ಕೆಲವು ಶತಮಾನಗಳಲ್ಲಿ ಪಕಾರ ಸಡಿಲಿ ಹಕಾರವಾಯಿತು, ತೆಲುಗು ತಮಿಳುಗಳಲ್ಲಿ ಆಗಲಿಲ್ಲ, ಅಷ್ಟೆ. ಮೊಮ್ಮಗಳು ತೆಲುಗು ಕಲಿತು ಕೆಟ್ಟಿಲ್ಲ, ಪಂಪನ ಕಾಲಕ್ಕೆ ಹೋಗಿದ್ದಾಳೆ ಎಂದು ತಾಯಿಗೆ ಹೇಳಿದೆ. ಅವರು ನಂಬಿದರೆಂದು ಹೇಳಲಾರೆ. ಆದರೂ ಅಂದಿನಿಂದ ಗದರಿಸಿಲ್ಲ.

ನಾವು ವಾಸಿಸುವ ನಾಂಪಲ್ಲಿಯ ಬಾಲದಲ್ಲಿರುವ ಪಲ್ಲಿಯೂ ಹೀಗೆಯೇ. ಅದು ನಮ್ಮ ಹಳ್ಳಿ. ಹಳಗನ್ನಡದಲ್ಲಿ ಪಳ್ಳಿ, ತೆಲುಗಿನಲ್ಲಿ ಪಲ್ಲೆ, ಪಲ್ಲಿ. ರಾಯಚೂರು ಸೀಮೆಯ ಹಳ್ಳಿಯನ್ನು ಬಿಟ್ಟು ಬಂದೆನೆಂದು ಕೊರಗುತ್ತಿದ್ದವನಿಗೆ ಇನ್ನೊಂದು ಹಳ್ಳಿಗೇ ಬಂದಿದ್ದೇನೆಂದು ತಿಳಿದಾಗ ಸ್ವಲ್ಪ ನಗು ಬಂದಿತು. ಇನ್ನು ಹಿಂದುಸ್ತಾನಿಯ ಮಾತು. ಕಚೇರಿ, ಬಾಕಿ, ಖರ್ಚು ಮೊದಲಾದ ಪದಗಳನ್ನು ಕಿಟ್ಟೆಲರು ಪರಕೀಯವೆಂದು ಹೊರಗೆ ತಳ್ಳಲಿಲ್ಲ. ಜನ ಆಡುತ್ತಾರೆ, ಆದ್ದರಿಂದ ಒಳಗೆ ಬರಲಿ ಎಂದು ಸೇರಿಸಿ, ಹಿಂದುಸ್ತಾನಿಯಿಂದಲೋ ಮರಾಠಿಯಿಂದಲೋ ಬಂದುದೆಂದು ಗುರುತು ಹಾಕಿದರು. ಸಂಸ್ಕೃತದ ವಿಷಯದಲ್ಲಿಯೂ ಅವರದು ನೇರವಾದ ನೋಟ. ಕನ್ನಡ ಸಂಸ್ಕೃತದಿಂದ ಪಡೆದ ಸಾಲವನ್ನು ಬರೆದಂತೆಯೇ, ಸಂಸ್ಕೃತವು ದ್ರಾವಿಡ ನುಡಿಗಳಿಂದ ಪಡೆದಿರಬಹುದಾದ ನೂರಾರು ಪದಗಳ ಪಟ್ಟಿಯನ್ನೂ ಪೀಠಿಕೆಯಲ್ಲಿ ಕೊಟ್ಟರು. ಅದರಲ್ಲಿ ಎಲ್ಲವನ್ನೂ ಇಂದಿನ ವಿದ್ವಾಂಸರು ಒಪ್ಪಲಿಕ್ಕಿಲ್ಲ. ಆದರೆ ಸಾಲಕ್ಕೆ ಎರಡು ಬದಿಯುಂಟು ಎಂಬ ಲೆಕ್ಕದ ನ್ಯಾಯವನ್ನು ನನ್ನಂಥವನು ಮೆಚ್ಚದಿರಲಾರೆ.

೧೮೯೪ರಲ್ಲಿ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಬಳ್ಳಾರಿಗಳು ಮದರಾಸಿನಲ್ಲಿ, ಮಡಿಕೇರಿ ಕೊಡಗಿನ ಕಮಿಷನರರ ಕೈಯಲ್ಲಿ, ಮೈಸೂರು ಅರಸರದು, ನಮ್ಮ ಮೂರು ಜಿಲ್ಲೆಗಳು ನಿಜಾಮರವು. ಇವೆಲ್ಲ ಒಂದು ಸರಕಾರದಡಿ ಬಂದುದು ೧೯೫೬ರ ನವೆಂಬರ್ ಒಂದರಂದು. ಅದಕ್ಕೆ ೬೨ ವರ್ಷ ಮೊದಲೇ ಈ ಹರಿದು ಹಂಚಿದ ಸೀಮೆಗಳ ಮಾತು ಒಂದು ಹೊದಿಕೆಯೊಳಗೆ ಅಕಾರಾದಿಯಾಗಿ ಒಟ್ಟಿಗೆ ಕುಳಿತಿತ್ತು. ಏಕೀಕರಣಕ್ಕಾಗಿ ದುಡಿದ ಆಲೂರ ವೆಂಕಟರಾಯರಂಥವರನ್ನು ಈ ದಿನ ನೆನೆಯುವುದು ನಮ್ಮ ಕರ್ತವ್ಯ. ಅವರ ಸಾಲಿನ ಒಂದು ಬದಿಯಲ್ಲಿ ಈ ಪಾದ್ರಿಗೂ ಒಂದು ಮಣೆ ಹಾಕಿದರೆ ಯಾರೂ ಮುನಿಯಲಾರರು.

ಕೊನೆಯ ವರ್ಷಗಳನ್ನು ಕಿಟ್ಟೆಲರು ಜರ್ಮನಿಯ ಟ್ಯೂಬಿಂಗನ್ ಎಂಬ ವಿದ್ಯಾನಗರದಲ್ಲಿ ಕಳೆದರು. ಅಲ್ಲಿಯ ವಿಶ್ವವಿದ್ಯಾನಿಲಯ ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ವಿಶ್ರಾಂತಿ ಪಡೆಯಬಹುದಾಗಿತ್ತು, ಪಡೆಯಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು ೧೯೦೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿಯೇ ತೀರಿಕೊಂಡರು. ಮಣ್ಣಾದುದೂ ಅಲ್ಲಿಯೇ.

ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಿದೆ. ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿದರು, ಮದರಾಸು ವಿಶ್ವವಿದ್ಯಾನಿಲಯ ಅದನ್ನು ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ದ್ರಾವಿಡ ಭಾಷೆಗಳ ಜ್ಞಾತಿಪದಕೋಶವನ್ನು ಆಕ್ಸ್‌ಫರ್ಡಿನಿಂದ ಹೊರತಂದಾಗ ಕನ್ನಡದ ಮಾತಿಗೆ ಅವರು ಮುಖ್ಯವಾಗಿ ನೆಮ್ಮಿದುದು ಕಿಟ್ಟೆಲರನ್ನೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೯೫ರಲ್ಲಿ ಪೂರ್ಣವಾಯಿತು. ಅದನ್ನು ಒಂದು ಮಂಡಲಿಯೇ ದಶಕಗಳ ಕಾಲ ದುಡಿದು ಮಾಡಬೇಕಾಯಿತು.

ನನ್ನ ಮಾಳಿಗೆಯ ಮೇಲೆ ಅವರು ಬಂದು ಕುಳಿತರೆಂದೇ ಇಟ್ಟುಕೊಳ್ಳೋಣ. ನಾನು ಕೇಳಬೇಕಾದುದನ್ನು ಮೇಲೆ ಬರೆದಿದ್ದೇನೆ. ಇನ್ನೂ ಒಂದುಂಟು. ಬಂದ ಉದ್ದೇಶವೇನು, ಆದ ಕೆಲಸವೇನು, ಇವೆರಡರ ಲೆಕ್ಕ ಅವರ ದೇವರ ಮುಂದೆ ತಾಳೆಯಾಯಿತೇ ಎಂದು. ಆದರೆ ನನಗೆ ಅನುಮಾನ, ಅವರು ನನಗೆ ಕೇಳಲು ಅವಕಾಶವನ್ನೇ ಕೊಡಲಿಕ್ಕಿಲ್ಲ. ಅವರ ಠಾಣೆಗಳೆಲ್ಲ ಆ ಕಡೆಯವು, ನಿಜಾಮರ ಸೀಮೆಯಲ್ಲಿ ಅವರು ನೆಲೆಸಿದವರಲ್ಲ. ರಾಯಚೂರ ಕಡೆಯವನೊಬ್ಬ ಸಿಕ್ಕಿದನೆಂದರೆ ಟಿಪ್ಪಣಿ ಪುಸ್ತಕ ತೆಗೆದು ಅಜ್ಜಿ ಏನೇನು ಮಾತು ಆಡುತ್ತಿದ್ದರೆಂದು ಕೇಳಲು ತೊಡಗುವರು. ಆಗ ನನ್ನ ಗತಿ ಏನು? ಕೂರಿಗೆ, ಮಿಣಿ, ಬಾರುಕೋಲು, ಗಂಗಾಳ, ಚರಿಗೆ ಇಷ್ಟು ತಟ್ಟನೆ ಬರುತ್ತವೆ. ಎತ್ತಿನ ಬಣ್ಣಕ್ಕೆ ಅಜ್ಜಿ ಹೇಳುತ್ತಿದ್ದ ಹೆಸರುಗಳು, ಮಳೆಯ ಬಗೆಬಗೆಯ ಹೆಸರುಗಳು, ಬೈಗುಳಗಳು ಮರೆತುಹೋಗಿವೆ. ಅಜ್ಜಿ ತೀರಿ ಹನ್ನೆರಡು ವರ್ಷವಾಯಿತು.

ಈ ಲೇಖನಕ್ಕೆ ಕೂತ ಮೇಲೆ ಪ್ರತಿ ರಾತ್ರಿ ತಾಯಿಗೆ ಫೋನು ಮಾಡಿ ಒಂದೊಂದು ಕೇಳುತ್ತಿದ್ದೇನೆ. ಹೇಳಿದುದನ್ನು ನಿಘಂಟಿನಲ್ಲಿ ಹುಡುಕುತ್ತೇನೆ. ಕೂರಿಗೆ ಕೂಡಲೇ ಸಿಕ್ಕಿತು. ಸಿಗದವನ್ನು ಅದರ ಕೊನೆಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ, ಹುಡುಕಿದ ನನ್ನ ರೀತಿಯೇ ತಪ್ಪಿರಬಹುದು. ಈವರೆಗೆ ಹ���್ನೊಂದಾಗಿವೆ.